ಮಗುವಿನ ಉಸಿರು ನಿಂತಾಗ: ಎದೆ ಒತ್ತಿ, ಉಸಿರನ್ನೂ ಕೊಡಿ

ಸಿಪಿಆರ್, ಅಂದರೆ ಹೃದಯ, ಉಸಿರು ನಿಂತವರನ್ನು ಬದುಕಿಸಲು ತಕ್ಷಣ ಮಾಡುವ ಕ್ರಮದ ಬಗ್ಗೆ ಈಗ ನಮ್ಮ ಕಡೆ ಮಾತು ಜಾಸ್ತಿಯಾಗಿದೆ. ಜಿಮ್‌ನಲ್ಲಿ ಕುಸಿದ ಯುವಕ, ಬಸ್ ನಿಲ್ದಾಣದಲ್ಲಿ ಬಿದ್ದ ಹಿರಿಯರು, ಅವರ ಎದೆ ಒತ್ತಿ ಬದುಕಿಸಿದ ಪೊಲೀಸರು, ಇಂಥ ವಿಡಿಯೋಗಳು ಎಲ್ಲರ ಮೊಬೈಲ್‌ಗೂ ಬಂದಿವೆ. ಎದೆಯ ನಡುವೆ ಜೋರಾಗಿ ಒತ್ತಬೇಕು ಎನ್ನುವಷ್ಟು ಬಹಳ ಜನಕ್ಕೆ ಗೊತ್ತಾಗಿದೆ. ಒಳ್ಳೆಯದೇ ಆಯಿತು. ಆದರೆ ಆ ಪಾಠ ದೊಡ್ಡವರಿಗಾಗಿ ಮಾಡಿದ್ದು. ಮಗುವಿಗೆ ಅಷ್ಟೇ ಸಾಲದು.

ದೊಡ್ಡವರಲ್ಲಿ ಸಾಮಾನ್ಯವಾಗಿ ಮೊದಲು ಕೈಕೊಡುವುದು ಹೃದಯ. ಆ ಕ್ಷಣದವರೆಗೂ ಅವರು ಉಸಿರಾಡುತ್ತಿದ್ದರು. ರಕ್ತದಲ್ಲಿ ಆಮ್ಲಜನಕ ಇನ್ನೂ ಇರುತ್ತದೆ. ಎದೆ ಒತ್ತಿ ಅದೇ ರಕ್ತವನ್ನು ಮಿದುಳಿಗೆ ತಳ್ಳಿದರೆ ಮೊದಲ ಕೆಲವು ನಿಮಿಷ ನಡೆಯುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಮೊದಲು ನಿಲ್ಲುವುದು ಉಸಿರು. ನೀರಲ್ಲಿ ಮುಳುಗಿರಬಹುದು, ಗಂಟಲಿಗೆ ಏನೋ ಸಿಕ್ಕಿರಬಹುದು, ನ್ಯುಮೋನಿಯಾ ಜೋರಾಗಿರಬಹುದು, ಫಿಟ್ಸ್ ನಿಲ್ಲದೆ ಬಂದಿರಬಹುದು. ಹೃದಯ ಇದ್ದಷ್ಟು ಆಮ್ಲಜನಕದಲ್ಲಿ ಬಡಿದು ಬಡಿದು, ಅದು ತೀರಿದ ಮೇಲೆ ನಿಲ್ಲುತ್ತದೆ. ಆಗ ಬರೀ ಎದೆ ಒತ್ತಿದರೆ ಆಮ್ಲಜನಕ ಇಲ್ಲದ ರಕ್ತ ಮೈಯೆಲ್ಲ ಸುತ್ತುತ್ತದೆ, ಅಷ್ಟೇ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಕಲಿಸುವ 'ಕೋಲ್ಸ್' ಎಂಬ ಕ್ರಮದಲ್ಲಿ ಬಾಯಿಯಿಂದ ಉಸಿರು ಕೊಡುವುದು ಇಲ್ಲ. ಅದು ವಯಸ್ಕರಿಗೆಂದೇ ಸರಳ ಮಾಡಿದ ಕ್ರಮ. ಅದನ್ನು ಕಲಿತವರು ಮಕ್ಕಳಿಗಾಗಿ ಈ ಒಂದು ಹೆಜ್ಜೆಯನ್ನು ಅದಕ್ಕೆ ಸೇರಿಸಿಕೊಳ್ಳಬೇಕು.

ನಾನು ಹುಬ್ಬಳ್ಳಿಯಲ್ಲಿ ಮಕ್ಕಳ ಐಸಿಯುನಲ್ಲಿ ಕೆಲಸ ಮಾಡುವ ನರ್ಸ್. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಗಳಿಂದ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ., ಹಾವೇರಿಯಿಂದ ಸುಮಾರು 75 ಕಿ.ಮೀ. ರಕ್ತ ಹೋಗುವುದು ನಿಂತರೆ ಮಿದುಳಿಗೆ ಪೆಟ್ಟು ಬೀಳಲು ನಾಲ್ಕೈದು ನಿಮಿಷ ಸಾಕು. ಅಂದರೆ ಮಗುವಿನ ಮಿದುಳು ಉಳಿಯುತ್ತದೋ ಇಲ್ಲವೋ ಎಂಬುದು ಹೊಲದಲ್ಲೋ, ಅಂಗಳದಲ್ಲೋ, ಶಾಲೆಯಲ್ಲೋ ಆಗಲೇ ನಿರ್ಧಾರ ಆಗಿರುತ್ತದೆ. ಈ ಲೇಖನ ಅಲ್ಲಿರುವವರಿಗೆ. ಈಗಷ್ಟೇ ಹುಟ್ಟಿದ ಕೂಸಿಗೆ ಹೆರಿಗೆ ಕೋಣೆಯಲ್ಲಿ ಮಾಡುವ ಕ್ರಮ ಬೇರೆ, ಅದು ಇಲ್ಲಿಲ್ಲ.

ಮೊದಲ ಹತ್ತು ಸೆಕೆಂಡು

ಮೊದಲು ಜಾಗ ನೋಡಿ. ಕರೆಂಟ್ ತಂತಿ, ಆಳದ ನೀರು, ಓಡಾಡುವ ಗಾಡಿ ಇದ್ದರೆ ನೀವೂ ಅಪಾಯಕ್ಕೆ ಸಿಗುತ್ತೀರಿ.

ಮಗುವಿನ ಹೆಗಲು ತಟ್ಟಿ ಜೋರಾಗಿ ಹೆಸರು ಕರೆಯಿರಿ. ವರ್ಷದೊಳಗಿನ ಕೂಸಾದರೆ ಅಂಗಾಲಿಗೆ ತಟ್ಟಿ. ಅಲುಗಾಡದಿದ್ದರೆ "ಯಾರಾದ್ರೂ ಬರ್ರೀ" ಎಂದು ಕೂಗಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಹಾಸಿಗೆ ಬೇಡ, ತೊಡೆಯೂ ಬೇಡ. ಎದೆ ಏಳುತ್ತಿದೆಯೇ ಎಂದು ಹತ್ತು ಸೆಕೆಂಡಿಗಿಂತ ಹೆಚ್ಚಾಗದಂತೆ ನೋಡಿ.

ಇಲ್ಲಿ ಒಂದು ವಿಷಯ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಹೃದಯ ನಿಂತ ಮೇಲೂ ಮಗು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಕೆಯಂಥ ಸದ್ದಿನಿಂದ ಗಾಳಿ ಎಳೆಯಬಹುದು. "ಉಸಿರು ಐತಿ, ಉಸಿರು ಐತಿ" ಎಂದು ಮನೆಯವರು ಕೈಕಟ್ಟಿ ಕೂತುಬಿಡುತ್ತಾರೆ. ಅದು ಉಸಿರಾಟ ಅಲ್ಲ. ಎಚ್ಚರ ಇಲ್ಲ, ಸರಿಯಾದ ಉಸಿರೂ ಇಲ್ಲ ಎಂದರೆ ಶುರು ಮಾಡಿ. ತರಬೇತಿ ಇಲ್ಲದವರು ನಾಡಿ ಹುಡುಕುತ್ತಾ ಕೂರುವುದು ಬೇಡ. ಗಾಬರಿಯಲ್ಲಿ ನಮಗೇ ಎಷ್ಟೋ ಸಲ ಮಗುವಿನ ನಾಡಿ ಸಿಗುವುದಿಲ್ಲ.

ಜೊತೆಗೆ ಯಾರಾದರೂ ಇದ್ದರೆ ಅವರು 108ಕ್ಕೆ ಫೋನ್ ಮಾಡಲಿ. 112 ಕೂಡ ನಡೆಯುತ್ತದೆ. ಒಬ್ಬರೇ ಇದ್ದರೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಪಕ್ಕದಲ್ಲಿಟ್ಟು ಕೆಲಸ ಶುರು ಮಾಡಿ. ಫೋನ್ ಇಲ್ಲ, ಹತ್ತಿರ ಯಾರೂ ಇಲ್ಲ ಎಂದರೆ ಮೊದಲು ಎರಡು ನಿಮಿಷ ಸಿಪಿಆರ್ ಮಾಡಿ, ಆಮೇಲೆ ಸಹಾಯಕ್ಕೆ ಓಡಿ. ಸಣ್ಣ ಮಗುವಾದರೆ ಎತ್ತಿಕೊಂಡೇ ಹೋಗಿ.

ಎದೆ ಒತ್ತುವುದು

ಒತ್ತುವ ಜಾಗ ಎದೆಯ ನಡುವಿನ ಎಲುಬಿನ ಕೆಳಗಿನ ಅರ್ಧ. ಕೂಸಿಗಾದರೆ ಎರಡು ಮೊಲೆತೊಟ್ಟುಗಳ ನಡುವೆ ಗೆರೆ ಎಳೆದಂತೆ ಅಂದುಕೊಂಡು, ಅದರ ಸ್ವಲ್ಪ ಕೆಳಗೆ. ಹೊಟ್ಟೆಯ ಮೇಲೆ ಬೇಡ, ಎಲುಬಿನ ತುದಿಯ ಮೇಲೂ ಬೇಡ.

ವರ್ಷದೊಳಗಿನ ಕೂಸಿಗೆ ಎರಡೂ ಕೈಗಳಿಂದ ಎದೆಗೂಡನ್ನು ಸುತ್ತುವರಿದು ಹಿಡಿದು, ಎರಡು ಹೆಬ್ಬೆರಳಿಂದ ಒತ್ತಿ. ಕೈಗೆ ಹಾಗೆ ಸಿಗದಿದ್ದರೆ ಒಂದು ಅಂಗೈಯ ಬುಡದಿಂದ ಒತ್ತಿ. ಮೊದಲು ಎರಡು ಬೆರಳಿನ ತುದಿಯಿಂದ ಒತ್ತಲು ಕಲಿಸುತ್ತಿದ್ದರು. ಅದರಲ್ಲಿ ಸಾಕಷ್ಟು ಆಳ ಸಿಗುವುದಿಲ್ಲ ಎಂದು 2025ರ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮಾರ್ಗಸೂಚಿ ಅದನ್ನು ಬಿಟ್ಟಿದೆ. ಹಳೆಯ ತರಬೇತಿ ಪಡೆದ ಆಶಾ, ಅಂಗನವಾಡಿ ಅಕ್ಕಂದಿರು ಇದನ್ನು ಗಮನಿಸಬೇಕು. ಒಂದು ವರ್ಷ ದಾಟಿದ ಮಗುವಿಗೆ ಒಂದು ಅಂಗೈ ಸಾಕಾಗಬಹುದು, ದೊಡ್ಡ ಮಗುವಾದರೆ ಒಂದರ ಮೇಲೊಂದು ಎರಡೂ ಕೈ ಇಡಿ. ಮೊಣಕೈ ಮಡಚಬೇಡಿ.

ಆಳ ಎಷ್ಟು? ಎದೆಯ ದಪ್ಪದ ಮೂರನೇ ಒಂದು ಭಾಗ. ಕೂಸಿಗೆ ಸುಮಾರು 4 ಸೆಂ.ಮೀ., ಮಗುವಿಗೆ ಸುಮಾರು 5 ಸೆಂ.ಮೀ. ಕೇಳುವಾಗ ಸಣ್ಣ ಸಂಖ್ಯೆ ಅನಿಸುತ್ತದೆ. ಮಾಡುವಾಗ ಕೈ ನಡುಗುತ್ತದೆ. "ಅಕ್ಕಾರ, ಅಷ್ಟು ಒತ್ತಿದ್ರ ಕೂಸಿನ ಎಲುಬು ಮುರೀತಾವಲ್ರೀ?" ಎಂದು ಪ್ರತಿ ತರಬೇತಿಯಲ್ಲೂ ಒಬ್ಬ ತಾಯಿ ಕೇಳುತ್ತಾರೆ. ಮಕ್ಕಳ ಎಲುಬು ಬಾಗುತ್ತದೆ, ಮುರಿಯುವುದು ಕಡಿಮೆ. ಒಂದು ವೇಳೆ ಮುರಿದರೂ ಕೂಡಿಕೊಳ್ಳುತ್ತದೆ. ಮೆತ್ತಗೆ ಒತ್ತಿದರೆ ಮಿದುಳಿಗೆ ರಕ್ತ ತಲುಪುವುದೇ ಇಲ್ಲ.

ವೇಗ ನಿಮಿಷಕ್ಕೆ 100ರಿಂದ 120. ಅಂದರೆ 30 ಸಲ ಒತ್ತಲು 15ರಿಂದ 18 ಸೆಕೆಂಡು. ಎಣಿಸುವಾಗ ಒಂದು ಉಪಾಯ ಹೇಳುತ್ತೇನೆ. ಕನ್ನಡದಲ್ಲಿ ಹತ್ತರ ಆಚೆ "ಹದಿನೇಳು, ಇಪ್ಪತ್ತೆಂಟು" ಎಂದು ಮಾತು ಉದ್ದವಾಗುತ್ತಾ ಹೋಗುತ್ತದೆ, ಅದರ ಜೊತೆ ಕೈಯೂ ನಿಧಾನವಾಗುತ್ತದೆ. ಅದಕ್ಕೇ ಒಂದರಿಂದ ಹತ್ತರವರೆಗೆ ಮೂರು ಸಲ ಎಣಿಸಿ. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲು ಬಿಡಿ. ಮೇಲೆ ಬರುವಾಗಲೇ ಹೃದಯಕ್ಕೆ ರಕ್ತ ತುಂಬುವುದು. ಕೈಯ ಭಾರ ಎದೆಯ ಮೇಲೇ ಬಿಟ್ಟರೆ ಮುಂದಿನ ಒತ್ತಿಗೆ ತಳ್ಳಲು ರಕ್ತವೇ ಇರುವುದಿಲ್ಲ.

ಉಸಿರು ಕೊಡುವುದು

30 ಸಲ ಒತ್ತಿ, 2 ಸಲ ಉಸಿರು. ತರಬೇತಿ ಪಡೆದ ಇಬ್ಬರಿದ್ದರೆ 15ಕ್ಕೆ 2.

ಹಣೆಯ ಮೇಲೆ ಒಂದು ಕೈ, ಗದ್ದದ ಎಲುಬಿನ ಕೆಳಗೆ ಎರಡು ಬೆರಳು. ಗದ್ದವನ್ನು ಮೇಲೆತ್ತಿ, ತಲೆಯನ್ನು ಹಿಂದಕ್ಕೆ ಬಾಗಿಸಿ. ನಾಲಿಗೆ ಹಿಂದೆ ಬಿದ್ದು ಗಂಟಲು ಮುಚ್ಚಿರುತ್ತದೆ, ಇಷ್ಟು ಮಾಡಿದರೆ ದಾರಿ ತೆರೆಯುತ್ತದೆ. ಕೂಸಿನ ತಲೆಯನ್ನು ಮಾತ್ರ ಜಾಸ್ತಿ ಬಾಗಿಸಬಾರದು, ಮುಖ ನೇರ ಆಕಾಶ ನೋಡುವಂತಿರಲಿ. ಕೂಸಿನ ತಲೆಯ ಹಿಂಭಾಗ ದೊಡ್ಡದು, ಮಲಗಿಸಿದರೆ ಕುತ್ತಿಗೆ ಮುಂದಕ್ಕೆ ಮಡಚಿಕೊಳ್ಳುತ್ತದೆ. ಹೆಗಲ ಕೆಳಗೆ ಮಡಚಿದ ಟವೆಲ್ ಇಟ್ಟರೆ ಸರಿಹೋಗುತ್ತದೆ.

ಕೂಸಾದರೆ ನಿಮ್ಮ ಬಾಯಿಯಿಂದ ಅದರ ಬಾಯಿ, ಮೂಗು ಎರಡನ್ನೂ ಮುಚ್ಚಿ. ದೊಡ್ಡ ಮಗುವಾದರೆ ಮೂಗು ಹಿಡಿದು ಬಾಯಿಗೆ ಬಾಯಿ ಇಟ್ಟು ಊದಿ. ಒಂದು ಉಸಿರಿಗೆ ಒಂದು ಸೆಕೆಂಡು. ಎದೆ ಏಳುವುದು ಕಂಡರೆ ಸಾಕು, ಅಲ್ಲಿಗೇ ನಿಲ್ಲಿಸಿ. ಕೂಸಿಗೆ ಕೆನ್ನೆಯಲ್ಲಿ ಹಿಡಿಯುವಷ್ಟು ಗಾಳಿಯೇ ಸಾಕು. ಜಾಸ್ತಿ ಊದಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ, ಆ ವಾಂತಿ ಶ್ವಾಸಕೋಶ ಸೇರುತ್ತದೆ. ಎದೆ ಏಳದಿದ್ದರೆ ತಲೆಯನ್ನು ಮತ್ತೆ ಸರಿಮಾಡಿ ಇನ್ನೊಮ್ಮೆ ಊದಿ. ಆಗಲೂ ಆಗದಿದ್ದರೆ ತಡ ಮಾಡದೆ ಒತ್ತಲು ಹೋಗಿ. ಎರಡು ಉಸಿರಿಗಾಗಿ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತುವುದನ್ನು ನಿಲ್ಲಿಸಬಾರದು.

ಮೊದಲು ಒತ್ತಬೇಕೋ, ಮೊದಲು ಊದಬೇಕೋ? ಅಮೆರಿಕದ ಕ್ರಮದಲ್ಲಿ ಮೊದಲು 30 ಒತ್ತು. ಯುರೋಪಿನ ಕ್ರಮದಲ್ಲಿ ಮೊದಲು 5 ಉಸಿರು. ಎರಡಕ್ಕೂ ಅವರವರ ಕಾರಣ ಇದೆ. ನೀವು ಯಾವುದನ್ನು ಕಲಿತಿದ್ದೀರೋ ಅದನ್ನೇ ಮಾಡಿ, ಆ ಕ್ಷಣದಲ್ಲಿ ವಾದ ಬೇಡ. ನೀರಲ್ಲಿ ಮುಳುಗಿದ ಮಗುವಿಗೆ ಮಾತ್ರ ಉಸಿರಿನಿಂದಲೇ ಶುರು ಮಾಡಿ ಎಂಬುದರಲ್ಲಿ ಎಲ್ಲರದೂ ಒಂದೇ ಮಾತು.

ಬಾಯಿಗೆ ಬಾಯಿ ಇಡಲು ಆಗುವುದೇ ಇಲ್ಲ ಎಂದರೆ ಎದೆಯನ್ನಾದರೂ ಒತ್ತಿ. ಏನೂ ಮಾಡದಿರುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಅದು ನಿಮ್ಮದೇ ಮನೆಯ ಮಗುವಾಗಿರಬಹುದು, ನಿಮ್ಮದೇ ಶಾಲೆಯ ಮಗುವಾಗಿರಬಹುದು. ಊದಲು ಈಗಲೇ ಕಲಿತಿಡಿ ಎಂದು ಬೇಡಿಕೊಳ್ಳುತ್ತೇನೆ.

ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲಿ. ಸುಸ್ತಾದದ್ದು ನಮಗೆ ಗೊತ್ತಾಗುವ ಮೊದಲೇ ಕೈಯ ಆಳ ಕಡಿಮೆಯಾಗಿರುತ್ತದೆ. ಮಗು ಅಲುಗಾಡುವವರೆಗೆ, ಉಸಿರಾಡುವವರೆಗೆ, ಅಥವಾ ಆಂಬುಲೆನ್ಸ್‌ನವರು ಬಂದು ಕೈಗೆ ತೆಗೆದುಕೊಳ್ಳುವವರೆಗೆ ನಿಲ್ಲಿಸಬೇಡಿ. ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಹತ್ತಿರದಲ್ಲಿದ್ದರೆ ತರಿಸಿ, ಅದು ಹೇಳಿದಂತೆ ಮಾಡಿ. 8 ವರ್ಷದೊಳಗಿನವರಿಗೆ ಮಕ್ಕಳ ಪ್ಯಾಡ್ ಬಳಸಬೇಕು. ಅದಿಲ್ಲದಿದ್ದರೆ ದೊಡ್ಡವರದನ್ನೇ ಹಾಕಿ. ಎರಡು ಪ್ಯಾಡ್ ಒಂದಕ್ಕೊಂದು ತಾಗುವಂತಿದ್ದರೆ ಒಂದನ್ನು ಎದೆಗೆ, ಇನ್ನೊಂದನ್ನು ಬೆನ್ನಿಗೆ ಅಂಟಿಸಿ.

ನೀರಿಗೆ ಬಿದ್ದ ಮಗು

ಕೃಷಿ ಹೊಂಡ, ಮಲಪ್ರಭೆಯ ಕಾಲುವೆ, ತುಂಗಭದ್ರೆ, ವರದಾ, ಊರ ಕೆರೆ. ನಮ್ಮ ಭಾಗದಲ್ಲಿ ಮಕ್ಕಳು ಮುಳುಗುವ ಜಾಗಗಳು ಎಲ್ಲರಿಗೂ ಗೊತ್ತು. ಕೃಷಿ ಹೊಂಡದ ಬಗ್ಗೆ ವಿಶೇಷವಾಗಿ ಹೇಳಲೇಬೇಕು. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಒದ್ದೆಯಾದರೆ ಜಾರುತ್ತದೆ, ಈಜು ಬರುವವರೂ ಹತ್ತಿ ಬರಲಾರರು. ಒಂದು ಮಗುವನ್ನು ಎತ್ತಲು ಇಳಿದ ಅಣ್ಣ, ಅಪ್ಪ ಕೂಡ ಅಲ್ಲೇ ಉಳಿದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಹೊಂಡದ ಸುತ್ತ ಬೇಲಿ ಹಾಕಿಸಿ. ದಂಡೆಯ ಗಟ್ಟಿ ಗೂಟಕ್ಕೆ ಗಂಟು ಹಾಕಿದ ಹಗ್ಗ ಕಟ್ಟಿ ನೀರಿನವರೆಗೆ ಇಳಿಬಿಡಿ. ಬಿದ್ದವರತ್ತ ಹಗ್ಗ, ಸೀರೆ, ಮುಚ್ಚಿದ ಖಾಲಿ ಕ್ಯಾನ್, ಏನು ಸಿಗುತ್ತದೋ ಎಸೆಯಿರಿ. ಈಜು ಬಾರದವರು ಇಳಿಯಬೇಡಿ.

ಮಗುವನ್ನು ಎತ್ತಿದ ಮೇಲೆ ನಮ್ಮ ಕಡೆ ಮೊದಲು ಮಾಡುವುದು ಕಾಲು ಹಿಡಿದು ತಲೆಕೆಳಗೆ ಮಾಡಿ ತಿರುಗಿಸುವುದು, ಇಲ್ಲವೇ ಹೊಟ್ಟೆ ಅದುಮಿ ನೀರು ಕಕ್ಕಿಸುವುದು. ದಯವಿಟ್ಟು ಮಾಡಬೇಡಿ. ಹೊರಬರುವುದು ಹೆಚ್ಚಾಗಿ ಹೊಟ್ಟೆಯ ನೀರು. ಅದು ಶ್ವಾಸಕೋಶಕ್ಕೆ ನುಗ್ಗಿದರೆ ಇನ್ನೂ ಕೆಡುಕು. ಅಷ್ಟರಲ್ಲಿ ಬೆಲೆಕಟ್ಟಲಾಗದ ನಿಮಿಷಗಳು ಕಳೆದಿರುತ್ತವೆ. ಬಾಯಿಯಲ್ಲಿ ಕೆಸರು, ಎಲೆ ಕಂಡರೆ ತೆಗೆದು ನೇರ ಉಸಿರು ಕೊಡಿ, ಆಮೇಲೆ 30ಕ್ಕೆ 2 ಮುಂದುವರಿಸಿ. ಬಾಯಿಂದ ನೊರೆ ಬಂದರೆ ಒರೆಸುತ್ತಾ ಕೂರಬೇಡಿ, ನೊರೆಯ ಮೇಲೇ ಊದಿ.

ಇನ್ನೊಂದು. ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಜೀವ ಬರುತ್ತದೆ ಎಂಬ ವಿಡಿಯೋ ಮೊಬೈಲ್‌ಗಳಲ್ಲಿ ಓಡಾಡುತ್ತಲೇ ಇದೆ. ಅದನ್ನು ನಂಬಿ ನಮ್ಮ ಭಾಗದಲ್ಲೂ ಮೂಟೆಗಟ್ಟಲೆ ಉಪ್ಪು ತಂದು ಗಂಟೆಗಟ್ಟಲೆ ಕಾದವರಿದ್ದಾರೆ. ಮಕ್ಕಳನ್ನು ಕಳೆದುಕೊಂಡ ಆ ತಂದೆತಾಯಿಗಳನ್ನು ನಾನು ದೂರುವುದಿಲ್ಲ. ಅಂಥ ಹೊತ್ತಿನಲ್ಲಿ ಯಾರು ಏನು ಹೇಳಿದರೂ ಮಾಡುತ್ತೇವೆ. ಆದರೆ ಆ ವಿಡಿಯೋ ನಿಮ್ಮ ಗ್ರೂಪ್‌ಗೆ ಬಂದರೆ ಸುಮ್ನೆ ಇರಬೇಡಿ, ಇದು ಸುಳ್ಳು ಎಂದು ಅಲ್ಲೇ ಬರೆಯಿರಿ. ಉಪ್ಪಿನಿಂದ ಉಸಿರು ಬರುವುದಿಲ್ಲ.

ನೀರಿನಿಂದ ಎತ್ತಿದ ಮಗು ತಾನಾಗೇ ಎಚ್ಚರಗೊಂಡು ಅತ್ತರೂ ಆಸ್ಪತ್ರೆಗೆ ಒಯ್ಯಿರಿ. ಕೆಲವು ಗಂಟೆಗಳಲ್ಲಿ ಉಸಿರಾಟದ ತೊಂದರೆ ಹೆಚ್ಚಾಗಬಹುದು.

ಶೇಂಗಾ ಗಂಟಲಿಗೆ ಸಿಕ್ಕರೆ

ನಮ್ಮ ಮನೆಗಳಲ್ಲಿ ಶೇಂಗಾ, ಪುಟಾಣಿ ಇಲ್ಲದ ದಿನವೇ ಇಲ್ಲ. ಸಣ್ಣ ಮಕ್ಕಳಿಗೆ ಇವೇ ದೊಡ್ಡ ಅಪಾಯ. ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ, ನಗುತ್ತಾ ಓಡುತ್ತಾ ತಿನ್ನುತ್ತಾರೆ, ಕಾಳು ಶ್ವಾಸನಾಳಕ್ಕೆ ಜಾರುತ್ತದೆ. ನಾಲ್ಕು ವರ್ಷದೊಳಗಿನವರ ಕೈಗೆ ಇಡೀ ಶೇಂಗಾ, ಶೇಂಗಾ ಚಿಕ್ಕಿ ಕೊಡಬೇಡಿ. ನುಣ್ಣಗೆ ಕುಟ್ಟಿದ ಶೇಂಗಾ ಹಿಂಡಿಯನ್ನು ರೊಟ್ಟಿಗೆ ಹಚ್ಚಿ ಕೊಡಿ.

ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ನಿಮ್ಮ ಕೈಗಿಂತ ಅದರ ಕೆಮ್ಮಿಗೆ ಶಕ್ತಿ ಜಾಸ್ತಿ. ಸದ್ದೇ ಬರುತ್ತಿಲ್ಲ, ತುಟಿ ನೀಲಿಯಾಗುತ್ತಿದೆ, ಅಳಲೂ ಆಗುತ್ತಿಲ್ಲ ಎಂದರೆ ಆಗ ಮುಂದಾಗಿ. ಒಂದು ವರ್ಷ ದಾಟಿದ ಮಗುವನ್ನು ಮುಂದಕ್ಕೆ ಬಾಗಿಸಿ ಎರಡು ಹೆಗಲಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಹೊಡೆಯಿರಿ. ಹೋಗದಿದ್ದರೆ ಹಿಂದೆ ಮೊಣಕಾಲೂರಿ ನಿಂತು, ಹೊಕ್ಕುಳ ಮತ್ತು ಎದೆಗೂಡಿನ ನಡುವೆ ಮುಷ್ಟಿ ಇಟ್ಟು, ಒಳಗೆ ಮತ್ತು ಮೇಲಕ್ಕೆ 5 ಸಲ ಜಗ್ಗಿ. ಹೀಗೆ ಐದು, ಐದು. ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತುವುದು ಬೇಡವೇ ಬೇಡ, ಒಳಗಿನ ಅಂಗಗಳಿಗೆ ಪೆಟ್ಟಾಗುತ್ತದೆ. ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವಂತೆ ಹಿಡಿದು ಬೆನ್ನಿಗೆ 5 ಪೆಟ್ಟು. ಆಮೇಲೆ ಅಂಗಾತ ತಿರುಗಿಸಿ, ಅಂಗೈಯ ಬುಡದಿಂದ ಎದೆಯ ನಡುವೆ 5 ಒತ್ತು.

ಮಗು ಎಚ್ಚರ ತಪ್ಪಿದರೆ ನೆಲದ ಮೇಲೆ ಮಲಗಿಸಿ ಸಿಪಿಆರ್ ಶುರು ಮಾಡಿ, ಒತ್ತುವುದರಿಂದ. ಪ್ರತಿ ಸಲ ಊದುವ ಮೊದಲು ಬಾಯೊಳಗೆ ನೋಡಿ. ವಸ್ತು ಕಂಡರೆ ತೆಗೆಯಿರಿ. ಕಾಣದಿದ್ದರೆ ಬೆರಳು ಹಾಕಿ ತಡಕಾಡಬೇಡಿ, ಇನ್ನೂ ಒಳಗೆ ಹೋಗುತ್ತದೆ.

ಒಂದು ಕಿವಿಮಾತು. ಶೇಂಗಾ ತಿನ್ನುವಾಗ ಜೋರಾಗಿ ಕೆಮ್ಮಿ ಆಮೇಲೆ ಸುಮ್ಮನಾದ ಮಗುವಿಗೆ ವಾರಗಟ್ಟಲೆ ಕೆಮ್ಮು, ಒಂದೇ ಕಡೆ ಸುಂಯ್ ಎನ್ನುವ ಉಸಿರು ಇದ್ದರೆ ಕಾಳು ಶ್ವಾಸಕೋಶದ ಕೊಳವೆಯಲ್ಲೇ ಕೂತಿರಬಹುದು. "ಅಂದು ಶೇಂಗಾ ತಿನ್ನುವಾಗ ಕೆಮ್ಮಿತ್ತು" ಎಂಬ ಮಾತನ್ನು ವೈದ್ಯರಿಗೆ ಹೇಳಿ. ಆ ಒಂದು ವಾಕ್ಯದಿಂದ ರೋಗ ಗೊತ್ತಾಗುತ್ತದೆ.

ಕರೆಂಟ್, ಹಾವು, ಹೊಲದ ಎಣ್ಣೆ

ಕರೆಂಟ್ ಹೊಡೆದ ಮಗುವನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ತೆಗೆಯಿರಿ. ಹೊರಗಿನ ತಂತಿ ಹರಿದು ಬಿದ್ದಿದ್ದರೆ ಹೆಸ್ಕಾಂಗೆ ಹೇಳಿ ಲೈನ್ ಬಂದ್ ಮಾಡಿಸುವವರೆಗೆ ದೂರ ಇರಿ. ಇದು ಮೊದಲು ಹೃದಯವೇ ನಿಲ್ಲುವ ಸಂದರ್ಭ, ಹೀಗಾಗಿ ಎಇಡಿ ಇದ್ದರೆ ಇಲ್ಲಿ ಬಹಳ ಉಪಯೋಗ.

ಕಟ್ಟುಹಾವಿನ ವಿಷ ಉಸಿರಾಟದ ಸ್ನಾಯುಗಳನ್ನು ಕಟ್ಟಿಹಾಕುತ್ತದೆ. ರಾತ್ರಿ ನೆಲದ ಮೇಲೆ ಮಲಗಿದ್ದ ಮಗುವಿಗೆ ಬೆಳಗ್ಗೆ ರೆಪ್ಪೆ ಜೋತುಬಿದ್ದು, ಮಾತು ತೊದಲಿ, ಉಸಿರು ನಿಲ್ಲಬಹುದು. ಕಚ್ಚಿದ ಗುರುತೂ ಸರಿಯಾಗಿ ಕಾಣದು. ಆಸ್ಪತ್ರೆ ಸೇರುವವರೆಗೆ ಉಸಿರು ಕೊಡುತ್ತಾ ಹೋದರೆ ಇಂಥ ಮಕ್ಕಳು ಪೂರ್ತಿ ಗುಣವಾಗಬಹುದು, ಅಲ್ಲಿ ಹಾವಿನ ವಿಷಕ್ಕೆ ಮದ್ದು ಕೊಟ್ಟು, ವಿಷದ ಪರಿಣಾಮ ಇಳಿಯುವವರೆಗೆ ವೆಂಟಿಲೇಟರ್‌ನಲ್ಲಿ ಇಡುತ್ತಾರೆ. ಹೊಲಕ್ಕೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ ಕುಡಿದ ಮಗುವಿಗೆ ಮಾತ್ರ ಬಾಯಿಗೆ ಬಾಯಿ ಇಡಬೇಡಿ. ಬಟ್ಟೆ ತೆಗೆದು ಮೈ ತೊಳೆಸಿ, ಎದೆ ಒತ್ತಿ, ಬಾಟಲಿಯನ್ನು ಆಸ್ಪತ್ರೆಗೆ ತನ್ನಿ.

ಗಾಡಿ ಹತ್ತುವ ಮೊದಲು

108 ಬರುವವರೆಗೆ ಇದ್ದಲ್ಲೇ ಸಿಪಿಆರ್ ಮಾಡುವುದು ಒಳ್ಳೆಯದು. ಓಡುವ ಟಂಟಂನಲ್ಲಿ ಸರಿಯಾಗಿ ಒತ್ತಲು ಆಗುವುದಿಲ್ಲ. ಆಂಬುಲೆನ್ಸ್ ಬಹಳ ದೂರ ಇದೆ, ಬೇರೆ ದಾರಿಯೇ ಇಲ್ಲ ಎಂದರೆ ಗಾಡಿಯ ನೆಲದ ಮೇಲೆ ಮಲಗಿಸಿ ಒತ್ತುತ್ತಾ, ಊದುತ್ತಾ ಹೋಗಿ. ಹೋಗುವುದು ಎಲ್ಲಿಗೆ? ಹತ್ತಿರ ಆಕ್ಸಿಜನ್ ಮತ್ತು ವೈದ್ಯರು ಇರುವಲ್ಲಿಗೆ. ಮುಂಡರಗಿಯಿಂದಲೋ ಹಿರೇಕೆರೂರಿನಿಂದಲೋ ನೇರ ಹುಬ್ಬಳ್ಳಿಗೇ ಓಡಿಸುವುದು ಬಹಳ ಜನ ಮಾಡುವ ಕೆಲಸ. ದಾರಿಯಲ್ಲಿ ತಾಲೂಕು ಆಸ್ಪತ್ರೆ ದಾಟಿ ಹೋಗಬೇಡಿ. ಅಲ್ಲಿ ಉಸಿರು, ಹೃದಯ ಹಿಡಿತಕ್ಕೆ ಬಂದ ಮೇಲೆ ಗದಗದ ಜಿಮ್ಸ್‌ಗೋ, ಹಾವೇರಿ ಜಿಲ್ಲಾ ಆಸ್ಪತ್ರೆಗೋ, ಹುಬ್ಬಳ್ಳಿಯ ಕೆಎಂಸಿಆರ್‌ಐಗೋ (ಹಿಂದಿನ ಕಿಮ್ಸ್), ಧಾರವಾಡ ಸತ್ತೂರಿನ ಎಸ್‌ಡಿಎಂಗೋ ಕಳಿಸುತ್ತಾರೆ.

ಉಸಿರು ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಎದೆಯ ಮೇಲೆ ಕಣ್ಣಿಟ್ಟಿರಿ. ಮತ್ತೆ ನಿಲ್ಲಬಹುದು. ನೀರು, ಹಾಲು, ಏನೂ ಕುಡಿಸಬೇಡಿ. ಮೂಗಿಗೆ ಉಳ್ಳಾಗಡ್ಡಿ, ಕೈಗೆ ಕೀಲಿಕೈ ಬೇಡ. ಜೊತೆಗಿರುವ ಒಬ್ಬರು ಇಷ್ಟನ್ನು ನೆನಪಿಟ್ಟುಕೊಳ್ಳಲಿ: ಕೊನೆಯ ಸಲ ಮಗುವನ್ನು ಚೆನ್ನಾಗಿ ನೋಡಿದ್ದು ಯಾವಾಗ, ಸಿಕ್ಕಿದ್ದು ಯಾವಾಗ, ಒತ್ತಲು ಶುರು ಮಾಡಿದ್ದು ಯಾವಾಗ, ಉಸಿರು ಬಂದದ್ದು ಯಾವಾಗ, ತೂಕ ಎಷ್ಟು, ಯಾವ ಔಷಧಿ ನಡೆಯುತ್ತಿದೆ. ನಾವು ಮೊದಲು ಕೇಳುವುದು ಇವನ್ನೇ.

ತಾಲೂಕು ಆಸ್ಪತ್ರೆಯ ಗೆಳೆಯರಿಗೆ

ಸ್ವಲ್ಪ ನಮ್ಮ ವೃತ್ತಿಯ ಮಾತು. ಆಂಬು ಬ್ಯಾಗ್ ಮತ್ತು ಸರಿಯಾದ ಅಳತೆಯ ಮಾಸ್ಕ್ ಇದ್ದರೆ ಅರ್ಧ ಯುದ್ಧ ಗೆದ್ದಂತೆ. ಎದೆ ಏಳುವಷ್ಟೇ ಹಿಂಡಿ. ಗಾಬರಿಯಲ್ಲಿ ನಾವೆಲ್ಲ ಜೋರಾಗಿ, ಬೇಗ ಬೇಗ ಹಿಂಡುತ್ತೇವೆ. ಎದೆಯೊಳಗೆ ಒತ್ತಡ ಹೆಚ್ಚಿ ಹೃದಯಕ್ಕೆ ರಕ್ತ ಮರಳುವುದೇ ಕಡಿಮೆಯಾಗುತ್ತದೆ. ಟ್ಯೂಬ್ ಹಾಕಿದ ಮೇಲೆ ಎರಡು ಮೂರು ಸೆಕೆಂಡಿಗೊಂದು ಉಸಿರು, ಒತ್ತುವುದು ನಿಲ್ಲದೆ ನಡೆಯಲಿ.

ಅಡ್ರಿನಲಿನ್ ಕೆ.ಜಿ.ಗೆ 0.01 ಮಿಲಿಗ್ರಾಂ. ನಮ್ಮಲ್ಲಿ ಸಿಗುವ ಒಂದು ಮಿ.ಲೀ. ಆಂಪ್ಯೂಲಿನಲ್ಲಿ 1 ಮಿಲಿಗ್ರಾಂ ಇರುತ್ತದೆ. ಅದಕ್ಕೆ 9 ಮಿ.ಲೀ. ಸಲೈನ್ ಸೇರಿಸಿ 10 ಮಿ.ಲೀ. ಮಾಡಿ, ಕೆ.ಜಿ.ಗೆ 0.1 ಮಿ.ಲೀ. ಕೊಡಿ. 10 ಕೆ.ಜಿ. ಮಗುವಿಗೆ 1 ಮಿ.ಲೀ. ಸಿರಿಂಜ್ ಮೇಲೆ ಚೀಟಿ ಅಂಟಿಸಿ. ಶಾಕ್ ಬೇಡದ ಲಯವಾದರೆ ಮೊದಲ ಡೋಸ್ ಐದು ನಿಮಿಷದೊಳಗೆ ಹೋಗಬೇಕು, ಆಮೇಲೆ 3ರಿಂದ 5 ನಿಮಿಷಕ್ಕೊಮ್ಮೆ. ರಕ್ತನಾಳ ಸಿಗದಿದ್ದರೆ ಹುಡುಕುತ್ತಾ ಕೂರದೆ ಮೊಣಕಾಲಿನ ಕೆಳಗೆ ಎಲುಬಿನೊಳಗೆ ಸೂಜಿ ಹಾಕಿ. ಶಾಕ್ ಬೇಕಾದ ಲಯವಾದರೆ ಮೊದಲು ಕೆ.ಜಿ.ಗೆ 2 ಜೌಲ್, ಮುಂದಿನದು 4. ಸಕ್ಕರೆ ಪರೀಕ್ಷೆ ಮರೆಯಬೇಡಿ. ಕಳಿಸುವ ಮೊದಲು ಫೋನ್ ಮಾಡಿ, ಬೆಡ್ ಮತ್ತು ವೆಂಟಿಲೇಟರ್ ಇದೆ ಎಂದು ಖಚಿತ ಮಾಡಿಕೊಳ್ಳಿ. ಟ್ಯೂಬ್ ಗಟ್ಟಿಯಾಗಿ ಅಂಟಿಸಿ ಕಳಿಸಿ.

ಸಾಧ್ಯವಾದರೆ ತಂದೆತಾಯಿಯನ್ನು ಒಳಗೇ ನಿಲ್ಲಿಸಿಕೊಳ್ಳಿ, ಪಕ್ಕದಲ್ಲಿ ಒಬ್ಬರು ವಿವರಿಸುತ್ತಿರಲಿ. ಮಗು ಉಳಿಯದಿದ್ದರೂ, ಎಲ್ಲ ಪ್ರಯತ್ನ ಕಣ್ಣಾರೆ ಕಂಡವರಿಗೆ ಮುಂದೆ ಸ್ವಲ್ಪ ನೆಮ್ಮದಿ ಇರುತ್ತದೆ.

ಹೃದಯ ಮತ್ತೆ ಬಡಿದ ಮೇಲೆ

ಹೃದಯ ಶುರುವಾಯಿತು ಎಂದು ಕೇಳಿ ಮನೆಯವರು ಕೈಮುಗಿಯುತ್ತಾರೆ. ನಮ್ಮ ಕೆಲಸ ಆಗ ಶುರು. ಆಮ್ಲಜನಕ ಇಲ್ಲದೆ ನೊಂದ ಮಿದುಳು ಮುಂದಿನ ಎರಡು ಮೂರು ದಿನ ಊದಿಕೊಳ್ಳಬಹುದು, ಅದಕ್ಕೆ ಎರಡನೇ ಪೆಟ್ಟು ಬೀಳದಂತೆ ಕಾಯಬೇಕು. ಆಕ್ಸಿಜನ್ ಮಟ್ಟವನ್ನು 94ರಿಂದ 99ರ ನಡುವೆ ಇಡುತ್ತೇವೆ. ಕಡಿಮೆಯೂ ಬೇಡ, ಅಗತ್ಯಕ್ಕಿಂತ ಜಾಸ್ತಿಯೂ ಬೇಡ. ಬಿಪಿ ಇಳಿಯಲು ಬಿಡುವುದಿಲ್ಲ. ಸಕ್ಕರೆ ಇಳಿಯಲು ಬಿಡುವುದಿಲ್ಲ. ಫಿಟ್ಸ್ ಬಂದರೆ ತಕ್ಷಣ ಔಷಧಿ. ಹೊರಗೆ ಕಾಣದ ಫಿಟ್ಸ್ ಮಿದುಳಿನೊಳಗೆ ನಡೆಯಬಹುದು, ಅದಕ್ಕೇ ಮಿದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಪರೀಕ್ಷೆ.

ಜ್ವರ ಬರಲು ಬಿಡಬಾರದು ಎಂಬುದು ಬಹಳ ಮುಖ್ಯ. ಮಗುವನ್ನು 33 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿದರೆ ಒಳ್ಳೆಯದಾ ಎಂದು 2015 ಮತ್ತು 2017ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳು ನೋಡಿದವು. 36.8 ಡಿಗ್ರಿಯಲ್ಲಿ ಇಟ್ಟ ಮಕ್ಕಳಿಗಿಂತ ಸ್ಪಷ್ಟ ಲಾಭ ಕಾಣಲಿಲ್ಲ. ಹೀಗಾಗಿ 36ರಿಂದ 37.5ರ ನಡುವೆ ಬಿಗಿಯಾಗಿ ಹಿಡಿದಿಡುವುದೂ ಒಪ್ಪಿತ ಕ್ರಮವೇ. "ಕೂಸಿಗೆ ಥಂಡಿ ಆಗ್ತದರಿ" ಎಂದು ಅಜ್ಜಿಯಂದಿರು ಎರಡು ಮೂರು ಕಂಬಳಿ ಹೊದಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಈ ದಿನಗಳಲ್ಲಿ ನರ್ಸ್‌ಗೆ ಕೇಳಿ ಹೊದಿಸಿ.

"ಸಿಸ್ಟರ್, ಯಾವಾಗ ಕಣ್ಣು ತೆರೀತಾನ್ರೀ?" ಈ ಪ್ರಶ್ನೆಗೆ ಮೊದಲ ದಿನ ಉತ್ತರ ಕೊಡುವವರನ್ನು ನಂಬಬೇಡಿ, ಒಳ್ಳೆಯ ಉತ್ತರವಾದರೂ ಸರಿ, ಕೆಟ್ಟದ್ದಾದರೂ ಸರಿ. ನಿದ್ದೆ ಬರಿಸುವ ಔಷಧಿಗಳ ಪ್ರಭಾವ ಇಳಿದು, ಕನಿಷ್ಠ 72 ಗಂಟೆ ಕಳೆದು, ಕಣ್ಣಿನ ಪಾಪೆ, ಇಇಜಿ, ಸ್ಕ್ಯಾನ್ ಎಲ್ಲ ಸೇರಿಸಿ ನೋಡಿದ ಮೇಲೆ ಅಂದಾಜು ಹೇಳಬಹುದು. ಒಂದೇ ಪರೀಕ್ಷೆಯಿಂದ ತೀರ್ಮಾನ ಆಗುವುದಿಲ್ಲ. ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಇದೆ. ಕೈ ತೊಳೆದು ಮಗುವಿನ ಕೈ ಹಿಡಿಯಿರಿ, ಮನೆಯಲ್ಲಿ ಮಾತಾಡುವ ಹಾಗೆಯೇ ಮಾತಾಡಿ. ದಿನಕ್ಕೊಮ್ಮೆ ಒಬ್ಬರೇ ವೈದ್ಯರ ಹತ್ತಿರ, ಒಂದು ಚೀಟಿಯಲ್ಲಿ ಪ್ರಶ್ನೆ ಬರೆದುಕೊಂಡು ಹೋಗಿ ಕೇಳಿ.

ಮನೆಗೆ ಬಂದ ಮೇಲೆ

ನಡೆದುಕೊಂಡೇ ಮನೆಗೆ ಹೋದ ಮಗುವಿಗೂ ತಿಂಗಳುಗಟ್ಟಲೆ ತೊಂದರೆ ಇರಬಹುದು. ಬೇಗ ಸುಸ್ತು, ಮರೆವು, ಸಣ್ಣ ಮಾತಿಗೂ ಸಿಟ್ಟು, ರಾತ್ರಿ ಕೆಟ್ಟ ಕನಸು, ಪಾಠದಲ್ಲಿ ಗಮನ ಇಲ್ಲದಿರುವುದು. ಇದು ಹಟ ಅಲ್ಲ, ಸೋಮಾರಿತನವೂ ಅಲ್ಲ. ಶಾಲೆಯ ಗುರುಗಳಿಗೆ ಹೇಳಿ, ಮೊದಲು ಅರ್ಧ ದಿನ ಕಳಿಸಿ. ನುಂಗಲು ಕಷ್ಟವಾದರೆ, ಉಣ್ಣುವಾಗ ಕೆಮ್ಮಿದರೆ ತಿನ್ನಿಸುವ ಕ್ರಮವನ್ನು ಥೆರಪಿಸ್ಟ್ ಹತ್ತಿರ ಕಲಿಯಿರಿ. ಫಿಟ್ಸ್ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಕೈಕಾಲು ಬಿಗಿಯಾಗಿದ್ದರೆ ಫಿಸಿಯೋಥೆರಪಿಯನ್ನು ದಿನಾ ಮನೆಯಲ್ಲೂ ಮಾಡಬೇಕು. ಬೆಳವಣಿಗೆಯಲ್ಲಿ ಹಿಂದುಳಿದಂತೆ ಕಂಡರೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಲ್ಲಿ ತಪಾಸಣೆ, ಥೆರಪಿ ಉಚಿತ. ಕಣ್ಣು, ಕಿವಿ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ತಾಯಿಯನ್ನೂ ನೋಡಿಕೊಳ್ಳಿ. ಮಗು ಮಲಗಿದಾಗ ಎದೆ ಏಳುತ್ತಿದೆಯಾ ಎಂದು ರಾತ್ರಿಯಿಡೀ ನೋಡುತ್ತಾ ಕೂರುವ ತಾಯಂದಿರಿದ್ದಾರೆ. "ನೀ ನೋಡ್ಕೋಬೇಕಿತ್ತು" ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು. ನಿದ್ದೆ, ಊಟ ಬಿಟ್ಟಿದ್ದರೆ ಆಕೆಯನ್ನೂ ವೈದ್ಯರ ಹತ್ತಿರ ಕರೆದೊಯ್ಯಿರಿ. ಘಟನೆ ಕಂಡ ಅಣ್ಣ, ತಂಗಿಯ ಜೊತೆ ಆ ವಿಷಯ ಮಾತಾಡಿ, ಮುಚ್ಚಿಡಬೇಡಿ.

ನೀರು, ಶೇಂಗಾ, ಸೋಂಕು, ಇಂಥ ಕಾರಣ ಯಾವುದೂ ಇಲ್ಲದೆ, ಓಡುವಾಗಲೋ ಈಜುವಾಗಲೋ ಜೋರು ಸದ್ದಿಗೆ ಬೆಚ್ಚಿದಾಗಲೋ ಮಗು ಒಮ್ಮೆಲೇ ಕುಸಿದಿದ್ದರೆ ಹೃದಯದ ಲಯದ ತೊಂದರೆ ಇರಬಹುದು. ಅದರಲ್ಲಿ ಕೆಲವು ಮನೆತನದಲ್ಲಿ ಹರಿದು ಬರುತ್ತವೆ. ಆಗ ಅಣ್ಣ, ತಮ್ಮ, ಅಕ್ಕ, ತಂಗಿ, ತಂದೆ, ತಾಯಿ ಎಲ್ಲರಿಗೂ ಇಸಿಜಿ ಮಾಡಿಸಿ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ ತೀರಿಕೊಂಡವರು, ನೀರಲ್ಲಿ ಕಾರಣವಿಲ್ಲದೆ ಮುಳುಗಿದ ಒಳ್ಳೆಯ ಈಜುಗಾರರು ಇದ್ದರೆ ಅದನ್ನೂ ಹೇಳಿ. ಇಂಥ ಮಕ್ಕಳು ತೆಗೆದುಕೊಳ್ಳಬಾರದ ಔಷಧಿಗಳಿವೆ, ಕೆಲವು ಸಾಮಾನ್ಯ ಆ್ಯಂಟಿಬಯಾಟಿಕ್‌ಗಳೂ ಅದರಲ್ಲಿವೆ. ಆ ಪಟ್ಟಿಯನ್ನು ವೈದ್ಯರಿಂದ ಬರೆಸಿಕೊಂಡು ಮೊಬೈಲ್‌ನಲ್ಲಿ ಫೋಟೋ ಇಟ್ಟುಕೊಳ್ಳಿ. ಮುಂದೆ ಜ್ವರ, ಕೆಮ್ಮು ಎಂದು ಊರಿನ ಕ್ಲಿನಿಕ್‌ಗೆ ಹೋದಾಗಲೂ ಮೊದಲು ಅದನ್ನು ತೋರಿಸಿ.